ಹನ್ನೆರಡು ಆಂಪಿನ ಸಂಸಾರ

ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಕೂಗಬೇಕಾಗಿಲ್ಲ ಎಂದು ಆಂಪ್ ಮೇಷ್ಟ್ರು ಭಾನುವಾರ ಬೆಳಿಗ್ಗೆ ಘೋಷಿಸಿದರು. ಘೋಷಣೆಯೇನೋ ಚಕ್ರವರ್ತಿಯದೇ. ದನಿ ಮಾತ್ರ ವಾರವಿಡೀ ಹೈಸ್ಕೂಲು ಹುಡುಗರಿಗೆ ವಿದ್ಯುತ್ತಿನ ಪಾಠ ಒದರಿ ಒದರಿ ಬತ್ತಿಹೋಗಿತ್ತು.

ಇದ್ಯಾವ ಕೂಗು ಅಂತೀರಾ, ಕೇಳಿ. ಆ ಮನೆಯಲ್ಲಿ ನೀರು ಕಾಯಿಸುವ ಹೀಟರೂ ಇಸ್ತ್ರಿ ಪೆಟ್ಟಿಗೆಯೂ ಒಟ್ಟಿಗೆ ಕಾದರೆ ಒಮ್ಮೊಮ್ಮೆ ಫ್ಯೂಸು ಹಾರುತ್ತಿತ್ತು. ಹಾಗಾಗಿ ಮೇಷ್ಟ್ರ ತಾಯಿ ಬಚ್ಚಲಲ್ಲಿ ಸ್ವಿಚ್ಚು ಒತ್ತುವ ಮೊದಲು, "ನೀರು ಇಡ್ತೀನಿ, ಇಸ್ತ್ರಿ ಇದೆಯಾ?" ಎಂದು ಕೂಗಬೇಕು. ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಸೊಸೆ "ಇಲ್ಲ, ಹಾಕ್ಕೊಳ್ಳಿ ಅತ್ತೆ" ಎಂದೋ "ಇದೆ, ತಡೀರಿ" ಎಂದೋ ಮರುಕೂಗು ಹಾಕಬೇಕು. ಅತ್ತೆಗೆ ಕಿವಿ ಮಂದ, ಸೊಸೆಯ ಬಾಯಲ್ಲಿ ಸದಾ ಗುಂಡುಸೂಜಿ. ಒಂದು ಸ್ನಾನ ಇತ್ಯರ್ಥವಾಗುವ ಹೊತ್ತಿಗೆ ಇಬ್ಬರಿಗೂ ಮೈಯೆಲ್ಲ ಸುಸ್ತು.

ಆ ಭಾನುವಾರ ಸುಸ್ತಿಗೆ ಬಿಡುವೂ ಇರಲಿಲ್ಲ. ಸಂಜೆ ಒಂದು ಮದುವೆಮನೆಯಿಂದ ಮದುಮಗಳ ಅಕ್ಕ ಬಂದು, ಸೊಸೆ ಹೊಲಿದ ಗೌನು ಒಯ್ಯುವವಳಿದ್ದಳು. ಅದು ಒಪ್ಪಿಗೆಯಾದರೆ ಆ ಮದುವೆಮನೆಯ ಹೆಂಗಸರೆಲ್ಲರ ಬಟ್ಟೆಯೂ ಇವಳ ಕೈಗೇ. ಹೊಲಿಗೆ ಮುಗಿದಿತ್ತು, ಗೌನಿನ ಸುತ್ತಲ ನೆರಿಗೆಗೆ ಇಸ್ತ್ರಿ ಹಾಕುವುದಷ್ಟೇ ಬಾಕಿ.

"ಲೆಕ್ಕ ಹಾಕದೆ ಹೆದರೋದು ಅನಾಗರಿಕತೆ ಕಣೇ," ಎಂದರು ಮೇಷ್ಟ್ರು. "ವೋಲ್ಟೇಜು ಇನ್ನೂರ ಮೂವತ್ತು. ಕರೆಂಟು ನಾನು ಅಳೀತೀನಿ. ವೋಲ್ಟನ್ನ ಆಂಪಿಂದ ಭಾಗಿಸಿದ್ರೆ ರೆಸಿಸ್ಟೆನ್ಸು, ಗುಣಿಸಿದ್ರೆ ಪವರ್ರು. ಅಲ್ಲಿಗೆ ಮುಗೀತು."

"ನನ್ನ ನೆರಿಗೆ ಮುಗಿದಿಲ್ಲ. ಆ ಕಡೆ ಹೋಗಿ ಭಾಗಿಸ್ಕೊಳ್ಳಿ."

ಶಾಲೆಯಿಂದ ತಂದ ಮೀಟರು ಹಿಡಿದು ಮೇಷ್ಟ್ರು ದಂಡಯಾತ್ರೆ ಹೊರಟರು. ನೀರಿನ ಹೀಟರು ಆರೂವರೆ ಆಂಪು ಎಳೆಯಿತು. ಅಂದರೆ ಮೂವತ್ತೈದು ಓಮು, ಸುಮಾರು ಸಾವಿರದೈನೂರು ವಾಟ್. ಇಸ್ತ್ರಿ ಪೆಟ್ಟಿಗೆ ನಾಲ್ಕು ಚಿಲ್ಲರೆ ಆಂಪು, ಐವತ್ತಮೂರು ಓಮು, ಸಾವಿರ ವಾಟ್. ಫ್ರಿಜ್ಜು, ಹೊಲಿಗೆ ಮಷೀನು, ದೀಪ ಎಲ್ಲ ಸೇರಿ ಒಂದು ಆಂಪಿನ ಆಸುಪಾಸು. ಆಮೇಲೆ ತಮ್ಮ ಮೇಜಿಗೆ ಬಂದು, ಚಳಿಗೆ ಮರಗಟ್ಟಿದ ಕಾಲನ್ನು ಮೇಜಿನಡಿ ಬೆಚ್ಚಗೆ ಚಾಚಿ, ಎಲ್ಲ ಆಂಪುಗಳನ್ನೂ ಕೂಡಿಸಿದರು. ತಣ್ಣನೆಯ ಕಾಲಿಟ್ಟುಕೊಂಡು ಅವರು ಯಾವ ಲೆಕ್ಕವನ್ನೂ ಮಾಡಿದವರಲ್ಲ. ಒಟ್ಟು ಹನ್ನೆರಡು. ಫ್ಯೂಸು ಹದಿನೈದರದ್ದು.

"ಮೂರು ಆಂಪು ಮಿಕ್ಕಿದೆ," ಎಂದು ಎದೆಯುಬ್ಬಿಸಿದರು. "ಅಮ್ಮಾ, ನೀರು ಹಾಕ್ಕೊ. ನೀನೂ ಇಸ್ತ್ರಿ ಹಾಕೇ. ಕೂಗಾಟಕ್ಕೆ ಇವತ್ತೇ ತಿಥಿ."

ಇಸ್ತ್ರಿ ಒಂದು ನೆರಿಗೆ ದಾಟುವಷ್ಟರಲ್ಲಿ ಫ್ಯೂಸು ಹಾರಿತು.

"ಲೆಕ್ಕ ತಪ್ಪಿಲ್ಲ, ತಂತಿ ಸಣಕಲು," ಎಂದ ಮೇಷ್ಟ್ರು, ವಿದ್ಯಾರ್ಥಿ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಂಥ ಕೆಲಸ ಮಾಡಿದರು: ಫ್ಯೂಸಿಗೆ ತಂತಿಯನ್ನು ಎರಡೆಳೆ ಮಾಡಿ ಸುತ್ತಿದರು. ಈ ಸಲ ಮನೆಯ ಫ್ಯೂಸು ಹಾರಲಿಲ್ಲ. ಹೊರಗೆ ಕಂಬದ ಮೇಲೆ ಢಬ್ ಎಂದಿತು.

ಇಡೀ ಬೀದಿಯ ಕರೆಂಟು ಹೋಯಿತು. ಎದುರಿನ ಕ್ಷೌರದಂಗಡಿಯಿಂದ ಅರ್ಧ ತಲೆ ಬೋಳಿಸಿಕೊಂಡವನೊಬ್ಬ ಕೊರಳ ಬಟ್ಟೆಯ ಸಮೇತ ಹೊರಬಂದು, ಬಾಗಿಲಿಗೆ ಓಡಿಬಂದ ಮೇಷ್ಟ್ರನ್ನೇ ನೋಡುತ್ತ ನಿಂತ. ಬಚ್ಚಲಿನಿಂದ ತಾಯಿ, "ಸೋಪು ಹಚ್ಚಿಕೊಂಡಿದ್ದೀನಿ ಕಣೋ, ನೀರು ಮಂಜುಗಡ್ಡೆ," ಎಂದರು.

ಲೈನ್‌ಮನ್‌ಗೆ ಫೋನು ಹೋಯಿತು. "ಬರ್ತೀನಿ ಸ್ವಾಮಿ," ಎಂದು ಆಕಳಿಸಿದ ಆತ. "ಕಂಬ ನನ್ನ ಬಿಟ್ಟು ಎಲ್ಲಿಗೂ ಓಡಿಹೋಗಲ್ಲ."

ಹೆಂಡತಿ ಬೈಯಲಿಲ್ಲ. ಬೈಯುವುದಕ್ಕೂ ತ್ರಾಣ ಬೇಕಲ್ಲ. ಗೌನಿಗೆ ನೀರು ಚಿಮುಕಿಸಿ, ನೆರಿಗೆಯನ್ನು ಒಂದೊಂದಾಗಿ ಮಡಿಸಿ, ಮಂಚದ ಹಲಗೆಯ ಮೇಲೆ ಬಿಳಿ ದುಪ್ಪಟಿಯ ನಡುವೆ ಹರಡಿ, ಮೇಲೆ ಹಾಸಿಗೆ ಎಳೆದಳು.

"ಮಲಗಿ."

"ನಾನಾ?"

"ಎಂಬತ್ತೈದು ಕೆಜಿ ಇದ್ದೀರಲ್ಲ. ಇದಕ್ಕೇನೂ ಭಾಗಿಸೋದು ಬೇಡ."

ಮೇಷ್ಟ್ರು ಮಲಗಿದರು. ಹೆಂಡತಿ ಆಗಾಗ ಬಂದು "ಸ್ವಲ್ಪ ಬಲಕ್ಕೆ" ಎಂದು ಉರುಳಿಸಿ ಹೋಗುತ್ತಿದ್ದಳು. ಮಧ್ಯಾಹ್ನ ಲೈನ್‌ಮನ್ ಬಂದ. ಅರ್ಧ ತಲೆಯವನು ಬೆರಳು ತೋರಿಸಿದ ಮನೆಗೆ ನೇರ ಹೊಕ್ಕು, ಎರಡೆಳೆ ಕಿತ್ತು ಒಂದೆಳೆ ಹಾಕಿದ. ಮಂಚದ ಮೇಲೆ ಬೋರಲು ಬಿದ್ದಿದ್ದವರನ್ನು ಕಂಡು, "ಶಾಕ್ ಹೊಡೀತಾ ಪಾಪ?" ಎಂದ.

"ಇಲ್ಲ, ಇಸ್ತ್ರಿ ಆಗ್ತಿದೆ," ಎಂದಳು ಹೆಂಡತಿ.

ಆತ ಹೊರಗೆ ಹೋಗಿ ಕಂಬ ಹತ್ತಿದ. ಕರೆಂಟು ಬಂತು. ದೀಪ ಹತ್ತಿತು, ಫ್ರಿಜ್ಜು ಗುರ್ ಎಂದಿತು. ಅದರ ಜೊತೆಗೇ ಮೇಷ್ಟ್ರ ಮೇಜಿನಡಿಯೂ ಏನೋ ಗುರ್ ಎಂದು ಕೆಂಪಗಾಯಿತು. ಹೆಂಡತಿ ಬಗ್ಗಿ ನೋಡಿದಳು.

"ರೀ, ಇದನ್ನ ಅಳೆದ್ರಾ?"

ಹಾಸಿಗೆಯ ಮೇಲೆ ಮೇಷ್ಟ್ರು ಕತ್ತು ಆ ಕಡೆ ತಿರುಗಿಸಿದರು.

"ಕಾಲು ಕಾಯಿಸ್ಕೊಳ್ಳೋ ಹೀಟರು. ಬೆಳಿಗ್ಗೆಯಿಂದ ಆನ್ ಇದೆ. ಎಷ್ಟು ವಾಟ್?"

"ಎರಡು ಸಾವಿರ."

"ಭಾಗಿಸಿ."

"ಹತ್ತಿರ ಹತ್ತಿರ... ಒಂಬತ್ತು ಆಂಪು."

"ಹನ್ನೆರಡಕ್ಕೆ ಒಂಬತ್ತು ಸೇರಿದ್ರೆ?"

ಪಾಠ ಓದದ ಹುಡುಗನಂತೆ ಮೇಷ್ಟ್ರು ದಿಂಬಿನಲ್ಲಿ ಮುಖ ಹುದುಗಿಸಿದರು.

"ಅಂದ್ರೆ ಇಷ್ಟು ವರ್ಷ ನಾವಿಬ್ಬರು ಹೆಂಗಸರು ಗಂಟಲು ಹರ್ಕೊಂಡಿದ್ದು ನಿಮ್ಮ ಪಾದಸೇವೆಗಾ?"

ಅವಳು ಪ್ಲಗ್ಗು ಕಿತ್ತು, ಹಾಸಿಗೆಯ ಅಂಚೆತ್ತಿ ನೋಡಿದಳು. ನೆರಿಗೆಗಳು ಹೊಸ ನೋಟಿನ ಹಾಗೆ ಗರಿಗರಿಯಾಗಿ ಕೂತಿದ್ದವು. ಎಷ್ಟೋ ದಿನದ ಮೇಲೆ ಅವಳ ಮುಖ ಸಡಿಲಾಯಿತು. ಅದೇ ಸಮಯವೆಂದು ಮೇಷ್ಟ್ರು ಮೊಣಕೈಯೂರಿದರು.

"ಕರೆಂಟು ಬಂತಲ್ಲ, ಇಸ್ತ್ರಿ ಪೆಟ್ಟಿಗೆ ತಂದುಕೊಡ್ಲಾ?"

"ಬೇಡ. ಅದಕ್ಕೆ ನಾಲ್ಕು ಆಂಪು ಬೇಕು. ನಿಮಗೆ ಒಂದು ಲೋಟ ಟೀ ಸಾಕು. ಗೌನಿನ ಹಿಂಭಾಗ ಬಾಕಿ ಇದೆ, ಮಗ್ಗುಲಾಗಿ."

ಮಗ್ಗುಲಾದರು. ಬಚ್ಚಲಿನಿಂದ ತಾಯಿಯ ಕೂಗು ಬಂತು:

"ನೀರು ಇಡ್ತೀನಿ, ಇಸ್ತ್ರಿ ಇದೆಯಾ?"

ಹೆಂಡತಿಯ ಬಾಯಲ್ಲಿ ಗುಂಡುಸೂಜಿ ಇತ್ತು. ಮೇಷ್ಟ್ರೇ ದಿಂಬಿನಿಂದ ಮುಖವೆತ್ತಿ ಉತ್ತರ ಕೊಟ್ಟರು:

"ಇದೆ ಅಮ್ಮಾ. ಆದ್ರೂ ಪರವಾಗಿಲ್ಲ, ನೀನು ಹಾಕ್ಕೊ."