ರೀಸೆಟ್ ಒತ್ತದ ಕೈ

ನಕಲು ತೆಗೆದಿಡದೆ ಫೋನಿನಲ್ಲಿ ಏನನ್ನೂ ಅಳಿಸಬಾರದು, ಇದ್ದದ್ದನ್ನೆಲ್ಲ ಒರೆಸಿಹಾಕುವ ರೀಸೆಟ್ ಅಂತೂ ಒತ್ತಲೇಬಾರದು. ಇದು ನಿಯಮ. ಭಾನುವಾರ ಮರಳೂರಿನ ನಮ್ಮ ಮನೆಗೆ ಕೆಟ್ಟ ಫೋನ್ ಹಿಡಿದು ಸಲಹೆಗೆ ಬರುವವರಿಗೆಲ್ಲ ನಾನು ಮೊದಲು ಹೇಳುವುದೇ ಇದನ್ನು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಅಳತೆಯಲ್ಲಿ ಕೂದಲೆಳೆ ತಪ್ಪಿದರೂ ಮಾಲು ವಾಪಸ್ ಕಳಿಸಿದ್ದೇನೆ. ಆದರೂ ಈ ನಿಯಮ ವಾರವಾರವೂ ಮುರಿಯುತ್ತಲೇ ಇರುತ್ತದೆ. ಮುರಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಹಾಗೆ ಮುರಿದು, ನನ್ನ ಹೆಂಡತಿಯ ದೊಡ್ಡಮ್ಮನ ಹಾಡುಗಳನ್ನೆಲ್ಲ ಇನ್ನೇನು ಕಳೆದುಬಿಡುತ್ತಿದ್ದೆ. ಉಳಿದದ್ದು ಇನ್ನೊಬ್ಬರ ದಯೆಯಿಂದ.

೧. ಹೆಡ್‌ಮಾಸ್ಟರ ಠೇವಣಿ

ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ಟರು ಒಂದು ಭಾನುವಾರ ಬಂದು, "ಸಾರ್, ಜಾಗ ಇಲ್ಲ ಅಂತಿದೆ ಫೋನು" ಎಂದರು. "ಫೋಟೋಗಳನ್ನ ಬೇರೆ ಕಡೆ ಇಟ್ಟು, ಸರಿಯಾಗಿ ಬಂದಿದೆಯಾ ನೋಡಿ, ಆಮೇಲೆ ಅಳಿಸಿ" ಎಂದು ಬಿಡಿಸಿ ಹೇಳಿ ಕಳಿಸಿದೆ.

ಮಾರನೆಯ ಬೆಳಿಗ್ಗೆ ನನ್ನ ಫೋನ್ ಗುಂಯ್ ಎನ್ನತೊಡಗಿತು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಅವರು ತಮ್ಮ ಫೋನಿನ ಅಷ್ಟೂ ಚಿತ್ರಗಳನ್ನು ನನಗೆ ವಾಟ್ಸಾಪ್ ಮಾಡಿ, ಅಲ್ಲಿ ಅಳಿಸಿಬಿಟ್ಟಿದ್ದರು. "ನಿಮ್ಮಷ್ಟು ಶಿಸ್ತು ಯಾರಿಗಿದೆ ಸಾರ್? ನಿಮ್ಮ ಹತ್ರ ಇದ್ರೆ ಬ್ಯಾಂಕ್ ಲಾಕರಲ್ಲಿ ಇದ್ದಂಗೆ" ಎಂದರು.

ಸಂಜೆಗೆ ನನ್ನ ಫೋನಿನಲ್ಲೇ ಜಾಗ ಮುಗಿಯಿತು. ನೋಡಿದರೆ ಸೂರ್ಯೋದಯ, ಗುಲಾಬಿ, ಕಾಫಿ ಲೋಟ, ಎಲ್ಲದರ ಮೇಲೂ ಶುಭೋದಯ. ಸಿಟ್ಟಿನಲ್ಲಿ ಒಂದೇ ಏಟಿಗೆ ಎಲ್ಲವನ್ನೂ ಅಳಿಸಿದೆ. ಅಳಿಸಿದ ಮೇಲೆ ನಿಯಮ ನೆನಪಾಗಿ, ಅವರ ಮನೆಗೆ ಹೋಗಿ ತಲೆತಗ್ಗಿಸಿ ನಿಂತೆ. ಅವರೇ ನನಗೆ ಕಾಫಿ ಕೊಟ್ಟು ಸಮಾಧಾನ ಹೇಳಿದರು: "ಬಿಡಿ ಸಾರ್, ಯಾಕೆ ಅಷ್ಟು ಬೇಜಾರು? ನಾಳೆ ಬೆಳಿಗ್ಗೆ ಎಲ್ಲ ಮತ್ತೆ ಬರುತ್ತೆ."

೨. ತಾನೇ ಒತ್ತಿಕೊಳ್ಳುವ ಟ್ಯಾಬ್

ದೊಡ್ಡಮ್ಮ ಇರುವುದು ಅಮೃತೂರಿನಲ್ಲಿ. ಮದುವೆಗಳಲ್ಲಿ ಬೀಗರನ್ನು ಛೇಡಿಸುವ ಹಾಡು ಕಟ್ಟುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಅವರೇ ಮುಂದು. ಎದುರಿಗೆ ಕೂತ ಬೀಗರ ಮೀಸೆ, ಹೊಟ್ಟೆ, ಜಿಪುಣತನ ನೋಡಿ ಅಲ್ಲೇ ಹಾಡು ಕಟ್ಟುವರು. ನನ್ನ ಹೆಂಡತಿ ಒಂದು ಟ್ಯಾಬ್ ಕೊಡಿಸಿ ಮೂವತ್ತೆರಡು ಹಾಡುಗಳನ್ನು ಅದರಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಆಮೇಲೆ ದೊಡ್ಡಮ್ಮನಿಗೆ ಗಂಟಲ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಪಿಸುಮಾತಿಗೆ ಇಳಿಯಿತು. ಇನ್ನು ಹಾಡು ಅಂದರೆ ಆ ಟ್ಯಾಬಿನಲ್ಲಿ ಇದ್ದದ್ದಷ್ಟೇ. ಅದರ ನಕಲನ್ನು ಊರಿಗೆಲ್ಲ ಉಪದೇಶ ಮಾಡುವ ನಾನು ತೆಗೆದಿಟ್ಟಿರಲಿಲ್ಲ.

ಒಂದು ದಿನ ಟ್ಯಾಬ್‌ಗೆ ಹುಚ್ಚು ಹಿಡಿಯಿತು. ಯಾರೂ ಮುಟ್ಟದೆ ತಾನೇ ಕ್ಯಾಮೆರಾ ತೆರೆಯುತ್ತಿತ್ತು, ತಾನೇ ಫೋನ್ ಮಾಡುತ್ತಿತ್ತು. ನಾವು ಒತ್ತಿದರೆ ಮಾತ್ರ ಕೇಳದು. ಹಾಡುಗಳನ್ನು ಹೊರಗೆ ತೆಗೆಯಲು ಹೋದರೆ ಅದು ಇನ್ನೇನನ್ನೋ ಒತ್ತಿಕೊಂಡಿರುತ್ತಿತ್ತು.

"ಅಳಿಯೋರೇ, ಹಾಡೇನಾದ್ರೂ ಅಳ್ಸಾಕ್ಬುಡ್ತದಾ?" ದೊಡ್ಡಮ್ಮ ಪಿಸುಗುಟ್ಟಿದರು.

"ನಾನಿರೋವರೆಗೂ ಇಲ್ಲ" ಎಂದೆ. ಅಷ್ಟು ಹೇಳುವಾಗಲೇ ಅದು ನನ್ನ ಮುಖದ ಒಂಬತ್ತು ಫೋಟೋ ತೆಗೆದು, ಅದರಲ್ಲೊಂದನ್ನು ಹಾಲಿನವನಿಗೆ ಕಳಿಸಿತ್ತು.

೩. ಗುಬ್ಬಿಯ ತಜ್ಞ

ಯಾರೋ ಗುಬ್ಬಿಯ ಒಬ್ಬ ರಿಪೇರಿಯವನ ಹೆಸರು ಹೇಳಿದರು. ಹೋದೆ. ನಾನು ಚೀಲದಿಂದ ಟ್ಯಾಬ್ ತೆಗೆಯುವ ಮೊದಲೇ ಆತ "ರೀಸೆಟ್ ಮಾಡ್ಬೇಕು ಸಾರ್" ಎಂದ.

"ತೊಂದರೆ ಏನು ಅಂತ ನಾನಿನ್ನೂ ಹೇಳಿಲ್ಲವಲ್ಲ?"

"ಏನಾದ್ರೂ ಇರ್ಲಿ ಸಾರ್, ರೀಸೆಟ್ ಮಾಡಿದ್ರೆ ಹೊಸದಾಗೋಯ್ತದೆ. ನನ್ ಫೋನೇ ತಿಂಗಳಿಗೊಂದ್ಸಲ ಮಾಡ್ತೀನಿ. ಬ್ಯಾಕಪ್ಪು ಗೀಕಪ್ಪು ಏನೂ ಇಲ್ಲ. ಕ್ಲೀನ್!"

ಅಷ್ಟರಲ್ಲಿ ಆತನ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಹೆಸರಿಲ್ಲ, ಬರೀ ನಂಬರು. ಆತ ಸ್ಪೀಕರ್ ಹಾಕಿ ಬಹಳ ಮರ್ಯಾದೆಯಿಂದ, "ಹಲೋ, ಯಾರು ಮೇಡಂ ತಾವು?" ಎಂದ.

"ನಿನ್ ಹೆಂಡ್ತಿ ಕಣೋ! ತಿಂಗಳು ತಿಂಗಳೂ ಇದೇ ಆಯ್ತು ನಿಂದು!"

ನಾನು ಟ್ಯಾಬನ್ನು ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡ್ ಕಡೆ ನಡೆದೆ.

೪. ಮನೆ ಮುಂದೆ ಜೀಪು

ಟ್ಯಾಬನ್ನು ಅಮೃತೂರಿಗೆ ವಾಪಸ್ ತಲುಪಿಸಿದ ವಾರಕ್ಕೆ, ನಾನು ಮತ್ತೆ ಅಲ್ಲಿಗೆ ಹೋಗಿದ್ದ ದಿನ, ಅದು ತಾನಾಗಿಯೇ ಪೊಲೀಸರ ತುರ್ತು ನಂಬರಿಗೆ ಫೋನ್ ಮಾಡಿತು. ಅತ್ತಲಿಂದ "ಏನಮ್ಮಾ ತೊಂದರೆ?" ಎಂದು ಕೇಳಿದ್ದಾರೆ. ದೊಡ್ಡಮ್ಮ ತಮಗಿರುವ ದನಿಯಲ್ಲೇ "ಏನೂ ಇಲ್ಲಪ್ಪಾ, ಫೋನ್ ಮಡಗಿ" ಎಂದು ಪಿಸುಗುಟ್ಟಿದ್ದಾರೆ. ಯಾರೋ ಪಕ್ಕದಲ್ಲೇ ನಿಂತು ಹೆದರಿಸುತ್ತಿದ್ದಾರೆ, ಪಾಪ, ಅಜ್ಜಿ ಕದ್ದು ಮಾತಾಡುತ್ತಿದೆ ಎಂದುಕೊಂಡರು ಅವರು. "ಮನೇಲಿ ಯಾರಾದ್ರೂ ಇದಾರಾ?" ಎಂದರೆ, ದೊಡ್ಡಮ್ಮ ಇನ್ನೂ ಮೆಲ್ಲಗೆ, "ಅಳಿಯ ಬಂದವ್ನೆ."

ಸ್ವಲ್ಪ ಹೊತ್ತಿಗೆ ಜೀಪು ಬಂತು. ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ನನ್ನನ್ನು ಇಬ್ಬರು ಎರಡೂ ಕಡೆಯಿಂದ ಹಿಡಿದುಕೊಂಡರು. ವಿಷಯ ತಿಳಿದ ಮೇಲೆ ನಕ್ಕು, ಮಜ್ಜಿಗೆ ಕುಡಿದರು. ಅಜ್ಜಿ ಒಬ್ಬರಿಗಾಗಿ ಅಷ್ಟು ಬೇಗ ಓಡಿಬಂದರಲ್ಲ, ಅದಕ್ಕೆ ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಹೊರಡುವಾಗ ಹಿರಿಯ ಪೇದೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಸಾರ್, ಅದನ್ನ ಒಂದ್ಸಲ ರೀಸೆಟ್ ಮಾಡ್ಸಿಬುಡಿ. ಮುಂದಿನ ಸಲ ಬರೋರು ಮಜ್ಜಿಗೆ ಕುಡ್ದು ಸುಮ್ನೆ ಹೋಗಲ್ಲ" ಎಂದರು.

೫. ಕುಣಿಗಲ್ಲಿನ ಅಂಗಡಿ

ಆವತ್ತೇ ನಾನು ಸೋತೆ. ದೊಡ್ಡಮ್ಮನನ್ನೂ ಕೂರಿಸಿಕೊಂಡು ಬಸ್ಸಿನಲ್ಲಿ ಕುಣಿಗಲ್ಲಿಗೆ ಹೋದೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. "ರೀಸೆಟ್ ಮಾಡಿ" ಎಂದೆ.

"ಒಳಗೆ ಏನಿದೆ ಸಾರ್?"

"ಇವರ ಹಾಡುಗಳಿವೆ. ಬೇರೆ ಎಲ್ಲೂ ಇಲ್ಲ. ಆಸೆ ಬಿಟ್ಟಿದ್ದೀವಿ." ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹೂಂ ಎಂದು ತಲೆಯಾಡಿಸಿದರು.

"ಆಗಲ್ಲ ಸಾರ್. ನೀವು ಹೇಳಿದ್ರೂ ಆಗಲ್ಲ, ಅಜ್ಜಿ ಹೇಳಿದ್ರೂ ಆಗಲ್ಲ. ನಾನ್ ಒತ್ತಲ್ಲ."

ಹಾಗೆಂದು ಒಂದು ಪುಟ್ಟ ಕನೆಕ್ಟರ್ ತೆಗೆದು, ಟ್ಯಾಬ್‌ಗೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿದಳು. ಪರದೆಯ ಮೇಲೆ ಬಾಣದ ಗುರುತು ಬಂತು. ಟ್ಯಾಬಿನ ಹುಚ್ಚಾಟ ನಡುವೆ ಒಂದಿಷ್ಟು ತಣ್ಣಗಾದಾಗೆಲ್ಲ, ಪರದೆಯನ್ನು ಮುಟ್ಟದೆ ಮೌಸಿನಲ್ಲೇ ಒತ್ತುತ್ತಾ, ತಾಳ್ಮೆಯಿಂದ ಮೂವತ್ತೆರಡು ಹಾಡನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ಆಮೇಲೆ ಪರದೆಯ ರಕ್ಷಣೆಗೆ ಅಂಟಿಸಿದ್ದ ತೆಳು ಗಾಜನ್ನು ಕಿತ್ತಳು. ಅಡಿಯಲ್ಲಿ ಕೊಬ್ಬರಿ ಎಣ್ಣೆ! ದೊಡ್ಡಮ್ಮ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಲೇ ಹಾಡು ಕೇಳುವುದು; ಒಳಗೆ ಇಳಿದ ಆ ಎಣ್ಣೆಯನ್ನೇ ಪರದೆ ಬೆರಳು ಅಂದುಕೊಂಡಿತ್ತು. ಮೆತ್ತಗಿನ ಬಟ್ಟೆಯಲ್ಲಿ ಒರೆಸಿದಳು, ಹುಚ್ಚು ಬಿಟ್ಟಿತು. ಇಷ್ಟು ಸಣ್ಣ ಕೆಲಸ ನನ್ನ ತಲೆಗೆ ಹೊಳೆದಿರಲಿಲ್ಲ. ಆಕೆಗೆ ಕೈಮುಗಿದೆ.

"ಸರಿಯಾಗಿ ಬಂದಿದೆಯಾ ನೋಡೋಣ ಸಾರ್" ಎಂದು ಆಕೆ ಯಾವುದೋ ಒಂದು ಹಾಡು ಒತ್ತಿದಳು. ದೊಡ್ಡಮ್ಮನ ಹಳೆಯ ಕಂಚಿನ ದನಿ ಅಂಗಡಿಯಿಂದ ಬೀದಿಗೆ ಹೋಯಿತು:

"ಇಂಗ್ಲೀಷು ಅಳಿಯ ಬಂದವ್ನೆ ಅಕ್ಕಯ್ಯಾ, ಇಸ್ತ್ರಿ ಪಂಚೆ ಉಟ್ಟವ್ನೆ
ಒಬ್ಬಟ್ಟು ಅಳೆಯಾಕೆ ಸ್ಕೇಲು ತಂದವ್ನೆ, ಗುಂಡಗಿಲ್ದಿದ್ರೆ ಒಲ್ಲೆ ಅಂದವ್ನೆ
ಹನ್ನೆರಡು ಒಲ್ಲೆ ಅಂದವ್ನೆ ಅಕ್ಕಯ್ಯಾ, ಹದಿಮೂರು ತಿಂದು ಎದ್ದವ್ನೆ!"

ನನ್ನ ಮದುವೆಯಲ್ಲಿ ಕಟ್ಟಿದ್ದು. ಪಕ್ಕದ ಹೂವಿನವಳು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ನನ್ನ ಪಂಚೆಯ ಇಸ್ತ್ರಿ ನೋಡಿ ನಕ್ಕರು. ದೊಡ್ಡಮ್ಮ ದನಿಯಿಲ್ಲದೆ, ಹೆಗಲು ಕುಣಿಸುತ್ತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಪರೇಷನ್ ಆದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆದರೂ ಮರ್ಯಾದೆಯ ಪ್ರಶ್ನೆ. ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಅದೊಂದನ್ನ ಮಾತ್ರ ಅಳಿಸಿಬಿಡು" ಎಂದೆ.

"ಆಗಲ್ಲ ಸಾರ್."

"ಈಗ ನಕಲು ಇದೆಯಲ್ಲ?"

"ಒಂದೇ ಅಲ್ವಾ ಇರೋದು? ಸಾಲ್ದು" ಎಂದು ಆಕೆ ದೊಡ್ಡಮ್ಮನ ಕಡೆ ಬಾಗಿ, "ಅಜ್ಜಿ, ನಿಮ್ಮ ಮಗಳ ನಂಬರ್ ಹೇಳಿ" ಎಂದಳು. ದೊಡ್ಡಮ್ಮ ಒಂದೊಂದೇ ಅಂಕಿ ಪಿಸುಗುಟ್ಟಿದರು. ಆಕೆ ಅದನ್ನು ಬರೆದುಕೊಂಡು, ಆ ಹಾಡನ್ನು ನನ್ನ ಹೆಂಡತಿಗೇ ಕಳಿಸಿಬಿಟ್ಟಳು.