ಒಗ್ಗರಣೆ ನಿಂತ ಮನೆಯಿಂದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ

ಕೂದಲೆಳೆಯ ಸಾವಿರದಲ್ಲೊಂದು ಪಾಲನ್ನೂ ಕಾಣಬಲ್ಲ, ಆದರೆ ಎದುರಿಗೆ ನಿಂತ ಮನುಷ್ಯನನ್ನು ಕಾಣುವ ಗೊಡವೆಗೇ ಹೋಗದ, ಘನ ಗಾಂಭೀರ್ಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಚನ್ನಗಿರಿ ತಾಲ್ಲೂಕು ತ್ಯಾವಣಿಗೆಯ ಓಂಕಾರಪ್ಪನಾದ ನಾನು, ಐವತ್ತೆಂಟು ವರ್ಷದ ಸೊಂಟ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿ ಮಾಡುವ ನಮಸ್ಕಾರಗಳು. ಇಲ್ಲಿ ನಾಲೆಯಲ್ಲಿ ನೀರಿದೆ, ನಾಟಿ ಮುಗಿದಿದೆ, ನನ್ನ ನಾಲಿಗೆಯೊಂದನ್ನು ಬಿಟ್ಟು ಉಳಿದವರೆಲ್ಲ ಕ್ಷೇಮ. ತಮಗೆ ಕರೆಂಟು ತಪ್ಪದೆ ಬರುತ್ತಿದೆಯೆಂದು ನಂಬಿದ್ದೇನೆ. ನಮ್ಮ ಪಂಪ್‌ಸೆಟ್ಟು ನಿಂತಾಗಲೆಲ್ಲ, ಪಾಪ, ಅಲ್ಲಿ ಯಂತ್ರದವರಿಗೆ ಬೇಕಾಗಿರಬೇಕು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ.

ವಿಷಯಕ್ಕೆ ಬರುತ್ತೇನೆ. ನನ್ನ ಮನೆಯಲ್ಲಿ ಐದು ತಿಂಗಳಿಂದ ಒಗ್ಗರಣೆ ಹಾಕಿಲ್ಲ. ಅದಕ್ಕೆ ತಾವೇ ಕಾರಣ.

ಯುಗಾದಿ ಕಳೆದ ವಾರ ನನ್ನ ಮೈಮೇಲೆ ಅಮ್ಮ ಬಂದಳು. ಡಾಕ್ಟರು ಇದಕ್ಕೆ ಚಿಕನ್‌ಪಾಕ್ಸ್ ಎಂದರು, ಒಂದು ವೈರಸ್ಸು ಎಂದರು, ಈ ವಯಸ್ಸಿಗೆ ಇದೆಲ್ಲಿ ಹಿಡಿಸಿಕೊಂಡಿರಿ ಎಂದು ಗದರಿದರು. ನಮ್ಮ ಕಡೆ ಹಾಗೆ ಮರ್ಯಾದೆಗೆಟ್ಟು ಮಾತಾಡುವುದಿಲ್ಲ. ಅಮ್ಮ ಬಂದಿದ್ದಾಳೆ ಎಂದರೆ ನೆಂಟಳು ಬಂದಿದ್ದಾಳೆ ಎಂದೇ ಲೆಕ್ಕ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು, ಮನೆ ತಂಪಾಗಿರಬೇಕು, ಹೊರಗಿನವರು ಬರಬಾರದು, ಗಟ್ಟಿಯಾಗಿ ಮಾತಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ ಒಗ್ಗರಣೆ ಹಾಕಬಾರದು. ಎಣ್ಣೆಯಲ್ಲಿ ಸಾಸಿವೆ ಸಿಡಿದರೆ ಮೈಮೇಲಿನ ಗುಳ್ಳೆಯೂ ಸಿಡಿಯುತ್ತದೆಂಬುದು ನಮ್ಮೂರ ಪೂಜಾರಿ ಮೂಕಪ್ಪನವರ ಮಾತು. ಹೆಸರು ಮೂಕಪ್ಪನಾದರೂ ಅವರ ಮಾತನ್ನು ಈವರೆಗೆ ಯಾರೂ ನಿಲ್ಲಿಸಿದ್ದಿಲ್ಲ.

ಅಷ್ಟರಲ್ಲಿ ನನ್ನ ಹೆಂಡತಿ ಭೀಮಕ್ಕನ ಅಣ್ಣನ ಮಗಳು ಅಂಬಿಕಾ, ಅಂದರೆ ದೂರದ ನಗರದ ಪ್ರಯೋಗಾಲಯದಲ್ಲಿ ತಮ್ಮ ಸೇವೆಗೆ ನಿಂತಿರುವ ಆ ಹುಡುಗಿಯೇ, ಕೈಗವಸು ಮಾಸ್ಕು ಹಾಕಿಕೊಂಡು ನನ್ನನ್ನು ನೋಡಲು ಬಂದಳು. ತೋಳನ್ನು ಹಿಡಿದು ತಿರುಗಿಸಿ, "ಮಾವ, ನಿಮ್ಮ ಗುಳ್ಳೆ ಬಾಳ ಚೆಂದಾಗೈತೆ, ಒಂದು ಹನಿ ಕೊಡ್ರಿ" ಎಂದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ನನ್ನ ಮೈಯಲ್ಲಿ ಚೆಂದವಿದೆಯೆಂದು ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲವಾದ್ದರಿಂದ, ಒಂದಲ್ಲ, ಎರಡು ಹನಿ ಕೊಟ್ಟೆ. ಅದೇ ನಾನು ಮಾಡಿದ ತಪ್ಪು.

ಗುಳ್ಳೆಗಳು ಒಣಗಿದವು. ತಲೆಗೆ ಬೇವಿನ ನೀರು ಮೂರು ಸಲ ಹಾಕಿದರು. ಊರ ಗಡಿಯಲ್ಲಿ, ಹೊನ್ನಾಳಿಯ ದಿಕ್ಕಿಗೆ ಮೊಸರನ್ನದ ಎಡೆ ಇಟ್ಟು, ಹೋಗಿ ಬಾರಮ್ಮ ಎಂದು ಕೈಮುಗಿದು, ಹಿಂತಿರುಗಿ ನೋಡದೆ ಬಂದೆವು. ಮನೆಗೆ ಬಂದ ಭೀಮಕ್ಕ ಒಗ್ಗರಣೆ ಸೌಟನ್ನು ಒಲೆಯ ಮೇಲಿಟ್ಟಳು. ಎಣ್ಣೆ ಕಾದಿತ್ತು. ಸಾಸಿವೆ ಅವಳ ಮುಷ್ಟಿಯಲ್ಲಿತ್ತು. ಆಗ ಅಂಬಿಕಾಳ ಫೋನು ಬಂತು: "ಅತ್ತೆ, ಮಾವನ ಅಮ್ಮ ಇಲ್ಲಿ ಆರಾಮದಾಳೆ, ಜ್ವಾಪಾನಾಗಿ ಇಟ್ಟೀವಿ."

ಭೀಮಕ್ಕ ಸಾಸಿವೆಯನ್ನು ಡಬ್ಬಿಗೆ ವಾಪಸು ಸುರಿದಳು. "ಅರ್ಧ ಅಮ್ಮನ್ನ ಗಡಿ ದಾಟ್ಸಿ ಅರ್ಧ ಇಟ್ಕಂಡ್ರೆ ಕಳ್ಸಿದಂಗಾತೇನ್ರೀ? ಆಕೆ ಪೂರ್ತಿ ಹೋಗಾ ತನಕ ಈ ಮನ್ಯಾಗೆ ಒಗ್ಗರಣೆ ಇಲ್ಲ" ಎಂದಳು. ಮಾನ್ಯರೇ, ಅಂದಿನಿಂದ ಗಣಪತಿ ಬಂದು ಹೋದ, ತನ್ನ ಪಾಲಿನ ಕಡುಬು ತಿಂದ. ನಾನು ಬರೀ ಬೇಯಿಸಿದ ಬೇಳೆಯ ಮುಖ ನೋಡುತ್ತಾ ಕೂತಿದ್ದೇನೆ.

ತಾವು ಅಮ್ಮನನ್ನು ಹೇಗೆ ಇಟ್ಟುಕೊಂಡಿದ್ದೀರೆಂದು ವಿಚಾರಿಸಲಾಗಿ, ನೀರು ಹರಳುಗಟ್ಟಿ ಮಂಜುಗಡ್ಡೆಯಾಗಲೂ ಪುರುಸೊತ್ತು ಸಿಗದಷ್ಟು ಬೇಗ, ಕಣ್ಣು ಮಿಟುಕಿಸುವುದರೊಳಗೆ ಹೆಪ್ಪುಗಟ್ಟಿಸಿ, ದ್ರವ ಸಾರಜನಕದ ಕ್ಯಾನಿನಲ್ಲಿ ಇಟ್ಟಿದ್ದೀರೆಂದು ತಿಳಿಯಿತು. ಆ ಕ್ಯಾನು ನಮಗೆ ಗೊತ್ತು. ನಮ್ಮ ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯವನ್ನು ಇಡುವುದು ಅದರಲ್ಲಿಯೇ. ಇದನ್ನು ನಾನು ಭೀಮಕ್ಕನಿಗೆ ಹೇಳಬಾರದಿತ್ತು. ಹೇಳಿದೆ. ಮೂರು ದಿನ ಉಪ್ಪೂ ನಿಂತಿತು.

ಹಾಗೆಂದು ತಮ್ಮ ಕೌಶಲವನ್ನು ಕಡೆಗಣಿಸುವ ಕೃತಘ್ನ ನಾನಲ್ಲ. ತಾವು ತೆಗೆದ ಚಿತ್ರವನ್ನು ಅಂಬಿಕಾ ಕಳಿಸಿದ್ದಳು. ದುಂಡು ಮೈ, ಮೈತುಂಬ ಮುಳ್ಳು. ಆ ಮುಳ್ಳುಗಳು ಒಂದು ಬಗೆಯ ಪ್ರೋಟೀನಂತೆ, ನಮ್ಮ ಜೀವಕೋಶದ ಬಾಗಿಲನ್ನು ವೈರಸ್ಸು ಅವುಗಳಿಂದಲೇ ತೆರೆದುಕೊಳ್ಳುವುದಂತೆ, ಅವುಗಳ ಮಡಿಕೆ ತಿರುವು ತಿಳಿದರೆ ಬಾಗಿಲಿಗೆ ಅಗುಳಿ ಹಾಕುವ ಔಷಧ ಮಾಡಬಹುದಂತೆ. ಭೀಮಕ್ಕ ಕನ್ನಡಕ ಏರಿಸಿ ನೋಡಿ, "ಮುಳ್ಳಲ್ಲ ಬಿಡ್ರಿ, ಒಡವೆ" ಎಂದಳು. ಅಮ್ಮನ ಒಡವೆಯನ್ನು ಒಂದೊಂದೇ ಎಣಿಸಿದ ತಮ್ಮ ಕಣ್ಣು ಎಂಥ ಕಣ್ಣು! ಒಂದು ಮುಳ್ಳಿನ ಚಿತ್ರ ಸ್ಪಷ್ಟವಾಗಲು ಲಕ್ಷಗಟ್ಟಲೆ ಮಸುಕು ಚಿತ್ರ ತೆಗೆದು, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿ, ಒಂದು ಮುಖ ಮಾಡುತ್ತೀರಂತೆ. ಲಕ್ಷ ಜನರನ್ನು ಕೂಡಿಸಿ ಯಾರನ್ನೂ ಹೋಲದ ಒಂದು ಮುಖವನ್ನು ಆರಿಸುವ ಕೆಲಸ ನಮ್ಮಲ್ಲಿಯೂ ಐದು ವರ್ಷಕ್ಕೊಮ್ಮೆ ನಡೆಯುತ್ತದೆ. ಆದರೆ ನಮ್ಮದು ತಮ್ಮಷ್ಟು ಸ್ಪಷ್ಟವಾಗಿ ಬರುವುದಿಲ್ಲ.

ನಾನೂ ಕೈಕಟ್ಟಿ ಕೂತಿಲ್ಲ. ನ್ಯಾಮತಿಯಲ್ಲಿ ನಾಮಕರಣವಿದೆಯೆಂದು ಹೊರಟು, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿಳಿದು, ಒಂದು ಪ್ಲೇಟು ಒಗ್ಗರಣೆ ಮಂಡಕ್ಕಿಯನ್ನು ಎರಡು ಮಿರ್ಚಿಯೊಂದಿಗೆ, ನಾಲ್ಕು ತಿಂಗಳ ನಂತರ ಮಗನನ್ನು ಕಂಡ ತಾಯಿಯ ಹಾಗೆ, ಕಣ್ಣಲ್ಲಿ ನೀರು ತಂದುಕೊಂಡು ತಿಂದೆ. ಮನೆಯ ಹೊಸ್ತಿಲಲ್ಲೇ ಭೀಮಕ್ಕ ನನ್ನ ಅಂಗಿಯ ತೋಳು ಮೂಸಿ, "ನಾಮಕರಣದಾಗೆ ಮಗೀಗೆ ಕರಿಬೇವು ಅಂತ ಹೆಸರಿಟ್ರೇನು?" ಎಂದಳು. ಮತ್ತೆ ಮೂರು ಸಲ ಬೇವಿನ ನೀರು ಹಾಕಿದರು. ಜಗಳೂರಿನಲ್ಲಿರುವ ನಮ್ಮಕ್ಕನ ಮನೆಗೆ ಹೋದರೆ, ನಾನು ಬಸ್ಸಿಳಿಯುವ ಮೊದಲೇ ಭೀಮಕ್ಕನ ಫೋನು ಅಲ್ಲಿ ಇಳಿದಿತ್ತು. ಅಕ್ಕ ರೊಟ್ಟಿಯ ಜೊತೆ ಮೊಸರು ಬಡಿಸಿ, "ನಿನ್ ಹೆಂಡ್ತಿ ಬಾಯಿಗೆ ಯಾರು ಬೀಳ್ತಾರಪ್ಪ" ಎಂದು ಬೇರೆ ಕಡೆ ನೋಡಿದಳು.

ನಡುವೆ ಒಂದು ದಾರಿ ಕಂಡಿತ್ತು. ತಮ್ಮ ಎಲೆಕ್ಟ್ರಾನಿನ ಧಾರೆ ಬಿದ್ದ ವೈರಸ್ಸು, ಚಿತ್ರ ತೆಗೆಯುತ್ತಿರುವಾಗಲೇ ಹಾಳಾಗುತ್ತದೆಂದು ಅಂಬಿಕಾ ಹೇಳಿದಳು. ಹಾಗಾದರೆ ಇದ್ದಬದ್ದದ್ದನ್ನೆಲ್ಲ ಒಮ್ಮೆ ನೋಡಿ ಮುಗಿಸಿಬಿಡಿ ಎಂದು ಕೇಳೋಣವೆಂದಿದ್ದೆ. ಆದರೆ ಭೀಮಕ್ಕ, "ನೋಡಿದ್ದೆಲ್ಲ ಹಾಳಾಗತೈತೆ ಅಂದ್ರೆ ಅದು ಕೆಟ್ಟ ಕಣ್ಣು, ಅಮ್ಮಗೆ ದೃಷ್ಟಿ ಆಗೈತೆ, ಅದನ್ನ ತೆಗೀದೆ ಆಕೆ ಹೋಗಾದಿಲ್ಲ" ಎಂದಳು. ದೃಷ್ಟಿ ತೆಗೆಯಬೇಕಾದರೆ ಸಾಸಿವೆ, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಬೇಕು. ಬೆಂಕಿಗೆ ಹಾಕಿದರೆ ಸಾಸಿವೆ ಸಿಡಿಯುತ್ತದೆ. ಅಮ್ಮ ಇರುವಾಗ ಸಾಸಿವೆ ಸಿಡಿಯಬಾರದು. ಅಮ್ಮ ಹೋಗಬೇಕಾದರೆ ದೃಷ್ಟಿ ತೆಗೆಯಬೇಕು. ಈ ಗಂಟನ್ನು ಬಿಡಿಸಲು ಮೂಕಪ್ಪನವರ ಬಳಿ ಹೋದೆ. ಅವರು ಹುಟ್ಟಿದ ಮೇಲೆ ಮೊದಲ ಸಲ ಸುಮ್ಮನೆ ಕೂತರು.

ಆದ್ದರಿಂದ ತಮ್ಮಲ್ಲಿ ವಿನಂತಿ: ಬರುವ ಮಂಗಳವಾರ ಅಂಬಿಕಾಳ ಕೈಗೆ ಸೇರುವಂತೆ ಮೊಸರನ್ನ, ತಂಬಿಟ್ಟು, ಬೇವಿನ ಟೊಂಗೆ, ಹಸಿರು ಬಳೆ, ಒಂದು ರವಿಕೆ ಕಣ ಕಳಿಸುತ್ತಿದ್ದೇವೆ. ದಯವಿಟ್ಟು ತಾವು ತಮ್ಮ ಕಂಬದಂಥ ಮೈಯನ್ನು ಒಂಚೂರು ಬಗ್ಗಿಸಿ, ಎಡೆ ಇಟ್ಟು, ಅಮ್ಮನನ್ನು ತಮ್ಮ ಕಟ್ಟಡದ ಗಡಿ ದಾಟಿಸಿ, ಹಿಂತಿರುಗಿ ನೋಡದೆ ಒಳಗೆ ಬರಬೇಕು. ನೋಡದಿರುವುದು ತಮಗೆ ಕಷ್ಟವೆಂದು ಬಲ್ಲೆ. ಒಂದೇ ಒಂದು ಸಲ.

ಬೇಳೆ ಸಪ್ಪೆಯಾದರೂ ಭಕ್ತಿ ಸಪ್ಪೆಯಾಗದ,
ತಮ್ಮ ವಿಶ್ವಾಸಿ,
ಓಂಕಾರಪ್ಪ
ತ್ಯಾವಣಿಗೆ

ತಾ.ಕ.: ಪತ್ರವನ್ನು ಅಂಟಿಸುವ ಮುಂಚೆ ಅಂಬಿಕಾ ಫೋನು ಮಾಡಿದಳು. ತಮ್ಮ ಕೋಣೆಗೆ ಎಡೆ ತರುವಂತಿಲ್ಲವಂತೆ. ಅಲ್ಲಿ ಸದಾ ತಂಪಿರಬೇಕಂತೆ, ಧೂಳು ಕೂಡದಂತೆ, ಹೊರಗಿನವರು ಬರಬಾರದಂತೆ, ಜೋರಾಗಿ ಮಾತಾಡಿದರೂ ಚಿತ್ರ ಅಲುಗುತ್ತದಂತೆ. ಭೀಮಕ್ಕ ಪೂರ್ತಿ ಕೇಳಿಸಿಕೊಂಡು, "ಅಯ್ಯ, ಅಲ್ಲಿ ನಮಗಿಂತ ಚೆನ್ನಾಗಿ ಪಥ್ಯ ಮಾಡ್ತಾರಲ್ಲೇ! ಹಂಗಾದ್ರೆ ಅಮ್ಮ ಬಂದಿರಾದು ಆ ಮಿಷಿನ್ನಿಗೆ, ನಮ್ಮನೆಗಲ್ಲ" ಎಂದವಳೇ ಎದ್ದು ಹೋದಳು. ಈ ಸಾಲು ಬರೆಯುವಾಗ ಒಳಗೆ ಸಾಸಿವೆ ಸಿಡಿಯುತ್ತಿದೆ. ಕಾಗದದ ಮೇಲಿನ ಎಣ್ಣೆಯ ಕಲೆಯನ್ನು ಮನ್ನಿಸಬೇಕು. ಪಥ್ಯವು ಇಂದಿನಿಂದ ತಮ್ಮ ಕಡೆಗೆ ವರ್ಗವಾಗಿದೆ. ತಮ್ಮ ಕ್ಯಾಂಟೀನಿನಲ್ಲಿ ನಿನ್ನೆ ಚಿತ್ರಾನ್ನ ಮಾಡಿದ್ದರೆಂದು ಅಂಬಿಕಾ ಬಾಯ್ತಪ್ಪಿ ಹೇಳಿದ್ದಾಳೆ. ಭೀಮಕ್ಕ ಸೋಮವಾರದ ಬಸ್ಸಿಗೆ ಹೊರಟಿದ್ದಾಳೆ. ತಮ್ಮ ಇಡೀ ಪ್ರಯೋಗಾಲಯದವರ ಅಂಗಿಯ ತೋಳುಗಳನ್ನು ಮೂಸಿ ನೋಡದೆ ಅವಳು ವಾಪಸು ಬರುವುದಿಲ್ಲ.