ಸೊಂಟದ ಚಕ್ಕುಬಂದಿ

ಸಂಸ್ಥೆಯ ದಾಖಲೆಗಳ ಪ್ರಕಾರ, ಸೀಸೆ ತೊಳೆಯುವ ಅಕ್ಕನವರು ಕಳೆದ ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಸ್ಥಿರಾಸ್ತಿಯ ಒಡತಿಯಾದರು. ಸದರಿ ಆಸ್ತಿ ಅವರ ಬಲ ಸೊಂಟದಲ್ಲಿದೆ.

ನಡೆದದ್ದಿಷ್ಟು. ಕೃತಕ ಕೀಲುಗಳಿಗೆ ಬೇಕಾದ ಪಾಲಿಥಿನ್ ತಯಾರಿಸುವ ಆ ಪ್ರಯೋಗಾಲಯದಲ್ಲಿ ಅಕ್ಕ ಇಪ್ಪತ್ತೆರಡು ವರ್ಷ ಸೀಸೆ ತೊಳೆದು, ಒಂದು ದಿನ ತಾವೇ ಒರೆಸಿದ ನೆಲದ ಮೇಲೆ ಜಾರಿ ಬಿದ್ದರು. ಸಂಸ್ಥೆ ಕೈಬಿಡಲಿಲ್ಲ. ಮುರಿದ ಕೀಲಿನ ಜಾಗಕ್ಕೆ ತನ್ನದೇ ಪಾಲಿಥಿನ್ನಿನ ಬಟ್ಟಲು ಕೂರಿಸಿತು. ಹಾಲಿನ ಪ್ಯಾಕೆಟ್ಟಿನ ವಂಶದ್ದೇ, ಸ್ವಲ್ಪ ಹೆಚ್ಚು ಓದಿಕೊಂಡದ್ದು ಅಷ್ಟೆ. ಡಾಕ್ಟರು ವರದಿಯಲ್ಲಿ ‘ಕೃತಕ ಅಸ್ಥಿ ಅಳವಡಿಸಿದೆ, ಅಲುಗಾಡುವುದಿಲ್ಲ’ ಎಂದು ಬರೆದರು. ಟೈಪಿಸ್ಟು ಅಸ್ಥಿಯನ್ನು ‘ಆಸ್ತಿ’ ಎಂದು ಹೊಡೆದರು. ಅಲುಗಾಡದ ಆಸ್ತಿ ಸ್ಥಿರಾಸ್ತಿಯಲ್ಲದೆ ಮತ್ತೇನು ಎಂದು ಗುಮಾಸ್ತರು ತೀರ್ಮಾನಿಸಿದರು. ಯಾರದೂ ತಪ್ಪೆನ್ನುವಂತಿಲ್ಲ.

ಅಕ್ಕನಿಗೆ ಮಾತ್ರ ಇದು ಬರಸಿಡಿಲು. ಬಾಡಿಗೆ ಕೋಣೆಯನ್ನು ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಸ್ಥಿರಾಸ್ತಿ ಇಲ್ಲದ ನೌಕರರಿಗೆ ಸಂಸ್ಥೆ ಕೊಡುವ ಮನೆಗಳ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಈಗ ಅದರ ಮೇಲೆ ಕೆಂಪು ಗೀಟು ಬಿದ್ದಿತ್ತು. ಅದು ಬರೀ ಮೂಳೆ ಎಂದು ಅವರು ಕಚೇರಿಯಲ್ಲಿ ಗೋಗರೆದರು. ವ್ಯವಸ್ಥಾಪಕರು ಸಹಾನುಭೂತಿಯಿಂದ ಕೇಳಿ ಸ್ಥಳ ಪರಿಶೀಲನೆಗೆ ಆದೇಶಿಸಿದರು.

ಸರ್ವೇಯರು ಟೇಪು ಹಿಡಿದು ಬಂದು ಚಕ್ಕುಬಂದಿ ಬರೆಯತೊಡಗಿದರು. ಪೂರ್ವಕ್ಕೆ ಹೊಟ್ಟೆ, ಪಶ್ಚಿಮಕ್ಕೆ ಬೆನ್ನು, ಉತ್ತರಕ್ಕೆ ಎಡ ಸೊಂಟ, ದಕ್ಷಿಣಕ್ಕೆ ಬಲಗೈ. ಅಷ್ಟರಲ್ಲಿ ಅಕ್ಕ ಸೀನಿ ಎಡಕ್ಕೆ ತಿರುಗಿದ್ದರಿಂದ ಹೊಟ್ಟೆ ಉತ್ತರಕ್ಕೆ ಹೋಯಿತು.

“ಅಕ್ಕಾ, ಗಡಿ ಬದಲಾಯಿಸ್ಬೇಡಿ. ನೆಟ್ಟಗೆ ನಿಲ್ಲಿ.”

“ನಿಂತ್ರೆ ನೋಯುತ್ತಪ್ಪ.”

‘ಜಾಗಕ್ಕೆ ತಕರಾರಿದೆ’ ಎಂದು ಅವರು ಬರೆದುಕೊಂಡರು.

ಮೂರನೆಯ ದಿನ ಪ್ರಕಟಣೆ ಬಂತು: ‘ಸದರಿ ಸ್ವತ್ತು ವಾಸಯೋಗ್ಯವಾಗಿದ್ದು, ಒಡತಿಯು ಹುಟ್ಟಿದಂದಿನಿಂದ ಅದರ ಆಸುಪಾಸಿನಲ್ಲೇ ವಾಸವಾಗಿರುವುದು ಕಂಡುಬಂದಿದೆ. ಮನೆ ಕೋರಿದ ಅರ್ಜಿ ವಜಾ.’ ಅಕ್ಕ ಅದನ್ನು ಎರಡು ಸಲ ಓದಿ, ಟ್ರಂಕಿನ ಮೇಲೆ ಕೂತು ಅತ್ತರು.

ತಿಂಗಳ ಕೊನೆಯ ದಿನ ತಮ್ಮ ಬಂದ. ಕರೆದೊಯ್ಯಲು ಬಂದನೆಂದು ಅಕ್ಕನ ಜೀವಕ್ಕೆ ಹಾಯೆನಿಸಿತು. ಆತ ಪ್ರಕಟಣೆ ಓದಿ ಬಂದಿದ್ದ.

“ಆಸ್ತಿ ಅಂದ್ಮೇಲೆ ನಂಗೂ ಭಾಗ ಬರುತ್ತಲ್ಲಕ್ಕ?”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬಲಗಡೇದು ಸ್ವಯಾರ್ಜಿತ ಕಣೋ, ಅದ್ರಲ್ಲಿ ನಿಂಗೇನೂ ಇಲ್ಲ. ಎಡಗಡೇದು ಅಪ್ಪ ಅಮ್ಮ ಕೊಟ್ಟದ್ದು. ಅದ್ರಲ್ಲಿ ಅರ್ಧ ನಿಂದೇ. ಬದಲಿಗೆ ನಿನ್ ಮನೇಲಿ ಒಂದು ಕೋಣೆ ಕೊಡು.”

ತಮ್ಮನಿಗೆ ಇದು ನ್ಯಾಯವೆನಿಸಿತು. ಕೋಣೆ ಬರೆದುಕೊಟ್ಟು ಟ್ರಂಕು ಎತ್ತಿಕೊಂಡ. ಸಾಕ್ಷಿಗೆ ಕರೆಸಿದ್ದ ಸರ್ವೇಯರು ರುಜು ಹಾಕಿ, ಎಡಗಡೆಯ ಅಳತೆಗೆ ಬುಧವಾರ ಬರುವುದಾಗಿ ಹೇಳಿದರು.